ನಲವತ್ತು ಮನೆಯ ಅನ್ನ

ಶೀಬಾ, ಸಂಪತ್,

ನಿನ್ನೆ ಎರಡು ಡಬ್ಬಿಗಳ ತಳದಲ್ಲಿ ಉಳಿದಿದ್ದ ಅಕ್ಕಿಯನ್ನು ನಾನು ಒಟ್ಟಿಗೆ ಬೇಯಿಸಿದ್ದಕ್ಕೆ ನೀವಿಬ್ಬರೂ ಮುಖ ಗಂಟಿಕ್ಕಿದಿರಿ. "ಅರ್ಧ ಗಂಜಿ, ಅರ್ಧ ಕಲ್ಲು, ಅಜ್ಜಿ" ಎಂದೆ ನೀನು, ಶೀಬಾ. ನಾನು ನಕ್ಕುಬಿಟ್ಟೆ. ಕಾರಣ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಬಸವೇಶ್ವರನಗರದ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನಿಮ್ಮ ತಾತ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟರ್. ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಸಮಾಧಿಯ ಬಳಿ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, "ಇವರು ನಿದ್ರೆ ಹೋಗಿದ್ದಾರೆ ಅಷ್ಟೆ" ಎಂದರು. ನಿದ್ರೆಯಲ್ಲಿ ನಿಮ್ಮ ತಾತ ಮೊದಲಿನಿಂದಲೂ ಗಟ್ಟಿಗರೇ. ಎಬ್ಬಿಸಿ ಎಬ್ಬಿಸಿ ಶಿಫ್ಟಿಗೆ ಕಳಿಸಿದವಳು ನಾನು. ಈ ಸಲ ನನ್ನ ಕೈಲಾಗಲಿಲ್ಲ. ಅಂದಿನಿಂದ ದೇವರ ಜೊತೆ ಮಾತು ಬಿಟ್ಟೆ. ಭಾನುವಾರ ದೇವಾಲಯಕ್ಕೇನೋ ಹೋಗುತ್ತಿದ್ದೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಫ್ಯಾನು ನೋಡುತ್ತಿದ್ದೆ.

ಆದರೆ ಹಿಡಿ ಅಕ್ಕಿ ಬಿಡಲಿಲ್ಲ. ಅದು ನಮ್ಮ ಸಭೆಯ ಹೆಂಗಸರ ಪದ್ಧತಿ: ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಟ್ಟು, ಭಾನುವಾರ ದೇವಾಲಯದ ಡ್ರಮ್ಮಿಗೆ ಸುರಿಯುವುದು. ತಿಂಗಳಿಗೊಮ್ಮೆ ಅದು ಕಷ್ಟದಲ್ಲಿರುವ ಮನೆಗೆ ಹೋಗುತ್ತಿತ್ತು. ಅಭ್ಯಾಸ ಕೈಗಿತ್ತು, ಅದು ಮನಸ್ಸನ್ನು ಕೇಳುತ್ತಿರಲಿಲ್ಲ. ನಮ್ಮದು ರೇಷನ್ನಿನ ಕೆಂಪು ನುಚ್ಚಕ್ಕಿ. ಬೇರೆಯವರ ಬಿಳಿ ಅಕ್ಕಿಯ ಮೇಲೆ ಅದು ಕಾಣಬಾರದೆಂದು ಎಲ್ಲರಿಗಿಂತ ಮೊದಲೇ ಹೋಗಿ ತಳಕ್ಕೆ ಸುರಿದುಬಿಡುತ್ತಿದ್ದೆ. "ಎಂಥ ಭಕ್ತಿ, ಎಷ್ಟು ಬೇಗ ಬರ್ತಾಳೆ" ಎಂದು ಹೊಗಳಿದವರೂ ಉಂಟು.

ತಾತ ಹೋದ ಮೂರನೇ ತಿಂಗಳು ನನ್ನ ತಮ್ಮ ಊರಿಂದ ಬಂದ. "ಇಲ್ಲಿದ್ಕೊಂಡು ಏನ್ ಮಾಡ್ತೀಯಕ್ಕಾ? ಸುಗುಣ ಓದಿದ್ದು ಸಾಕು. ಬರೋ ಭಾನುವಾರ ಬರ್ತೀನಿ, ಸಾಮಾನು ಕಟ್ಟಿರು." ಸುಗುಣ, ಅಂದರೆ ನಿಮ್ಮ ಅಮ್ಮ, ಆಗ ಒಂಬತ್ತನೇ ಕ್ಲಾಸು. ಊರಲ್ಲಿ ಹೈಸ್ಕೂಲಿರಲಿಲ್ಲ. ನಾನು ಹೂಂ ಅಂದೆ. ಯಾರು ಏನು ಹೇಳಿದರೂ ನನಗೆ ಬರುತ್ತಿದ್ದುದು ಅದೊಂದೇ. ಅವಳು ಲೆಕ್ಕದ ಪುಸ್ತಕವನ್ನು ಪಾತ್ರೆ ಚೀಲದ ತಳಕ್ಕೆ ತುರುಕಿದಳು.

ಶನಿವಾರ ಅಯ್ಯನವರ ಹೆಂಡತಿ ಆ ಡ್ರಮ್ಮಿನ ಅಕ್ಕಿಯ ಚೀಲ ಹಿಡಿದು ಬಂದರು.

"ನಮ್ಮನೇಲಿ ಅಕ್ಕಿ ಇದೆ ಅಮ್ಮಾ," ಅಂದೆ.

"ಗೊತ್ತು ಕಣೇ. ಎಷ್ಟಿದೆ ಅಂತ ನಿನ್ ಕೆನ್ನೆ ಹೇಳ್ತಿದೆ. ಹಿಡ್ಕೋ, ಕೈ ನೋಯ್ತಿದೆ ನಂಗೆ."

ಅಷ್ಟು ವರ್ಷ ಹಾಕಿದವಳಿಗೆ ಈಸಿಕೊಳ್ಳಲು ಕೈ ಮುಂದೆ ಬರಲಿಲ್ಲ. ಅವರು ಚೀಲವನ್ನು ಹೊಸಿಲ ಒಳಗಿಟ್ಟು ನಡೆದೇಬಿಟ್ಟರು.

ನಲವತ್ತು ಮನೆಯ ಅಕ್ಕಿ ಒಂದೇ ಪಾತ್ರೆಯಲ್ಲಿ ಬೆಂದರೆ ಏನಾದೀತು? ಒಂದು ಕರಗಿದೆ, ಇನ್ನೊಂದು ಹಲ್ಲಿಗೆ ಕಟಕಟ ಅನ್ನುತ್ತಿದೆ. ಸುಗುಣ ತಟ್ಟೆಯಲ್ಲಿ ಬೆರಳಾಡಿಸಿ, "ಅಮ್ಮಾ, ಈ ಗಟ್ಟಿ ಕಾಳು ಹೆಡ್‌ಮಿಸ್ ಮನೇದು, ಏನ್ ಮಾಡಿದ್ರೂ ಬೇಯಲ್ಲ. ಈ ಮುದ್ದೆ ಸ್ಟೆಲ್ಲಾ ಆಂಟೀದು, ಪ್ರಾರ್ಥನೆ ಶುರುವಾಗ್ತಿದ್ದಂಗೆ ಕರಗೋಗ್ತಾರಲ್ಲ!" ಎಂದಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅಂದೇ. ಆಮೇಲೆ ಒಮ್ಮೆಲೇ, "ಅಮ್ಮಾ, ಇಲ್ನೋಡು, ಇದು ನಮ್ದು!"

ನಡುನಡುವೆ ಕೆಂಪು ಚೂರುಗಳು. ಯಾರ ಕಣ್ಣಿಗೂ ಬೀಳಬಾರದೆಂದು ತಳಕ್ಕೆ ಸುರಿದದ್ದು, ಎಲ್ಲರ ಅಕ್ಕಿಯ ಜೊತೆ ಸೇರಿ ನನ್ನ ತಟ್ಟೆಗೇ ಬಂದಿತ್ತು. ನನ್ನದೆಂದು ಯಾರೂ ಅದನ್ನು ಆರಿಸಿ ಬೇರೆ ಇಟ್ಟಿರಲಿಲ್ಲ. ನಾನು ಮಾತು ಬಿಟ್ಟು ಕೂತಿದ್ದ ಅಷ್ಟೂ ದಿನ ದೇವರು ನನ್ನನ್ನೂ ಹಾಗೇ ಇಟ್ಟುಕೊಂಡಿದ್ದ ಅನ್ನಿಸಿತು. ಬಾಯಲ್ಲಿ ಹೆಡ್‌ಮಿಸ್ ಮನೆಯ ಕಾಳಿಟ್ಟುಕೊಂಡೇ ದೇವರಿಗೆ "ಸ್ತೋತ್ರ" ಅಂದೆ.

ಮರುದಿನ ತಮ್ಮನಿಗೂ ಅದೇ ಅಕ್ಕಿಯ ಅನ್ನ ಬಡಿಸಿದೆ.

"ಇದೇನಕ್ಕಾ, ಅನ್ನಾನೋ ಜಲ್ಲೀನೋ?"

"ಸುಮ್ನೆ ತಿನ್ನೋ. ನಾವ್ ಬರಲ್ಲ ಕಣೋ. ಇವಳು ಓದ್ಬೇಕು."

ಅವನಿಗಿಂತ ಹೆಚ್ಚು ಗಾಬರಿಯಾದದ್ದು ನನಗೇ. "ಹೊಟ್ಟೆಗೇನ್ ಮಾಡ್ತೀಯಾ?" ಅಂದ. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಸೀರೆಗೆ ಫಾಲ್ ಹೊಲಿಯುವ ಕೆಲಸ ಸಿಕ್ಕಿದ್ದು ಇನ್ನೊಂದು ತಿಂಗಳಾದ ಮೇಲೆ. ನಿಮ್ಮ ಅಮ್ಮ ಓದಿ ಟೀಚರಾದದ್ದು ನಿಮಗೆ ಗೊತ್ತೇ ಇದೆ, ಅವಳ ಮುಂದೆ ಮಗ್ಗಿ ಹೇಳಿ ಸೋತವರು ನೀವು.

ಈಗಲೂ ದೇವಾಲಯದಲ್ಲಿ "ಯಾರಾದರೂ ಸಾಕ್ಷಿ ಹೇಳಿ" ಎಂದರೆ ಒಬ್ಬೊಬ್ಬರೇ ಎದ್ದು ದೇವರು ತಮಗೆ ಮಾಡಿದ್ದನ್ನು ಹೇಳುತ್ತಾರೆ. ನಾನು ಏನೋ ಬೀಳಿಸಿಕೊಂಡವಳ ಹಾಗೆ ಬೆಂಚಿನ ಕೆಳಗೆ ಹುಡುಕುತ್ತೇನೆ. ಇಷ್ಟು ಬರೆದ ಮೇಲೆ ತಿಳಿಯಿತು, ನನ್ನ ಹತ್ತಿರವೂ ಒಂದು ಸಾಕ್ಷಿ ಇತ್ತು. ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ಕೈಚೆಲ್ಲಿ ಕೂರುವಂಥ ದಿನ ನಿಮಗೂ ಬಂದರೆ ತೆಗೆದು ಓದಿ. ಗಟ್ಟಿಯಾಗಿ ಓದುವುದಾದರೆ ಮಾತ್ರ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಓದಿ.