ನಾಲ್ಕನೆಯ ಪ್ರಾರ್ಥನೆ

ಇದನ್ನು ಹೇಳಬೇಕೆಂದುಕೊಂಡು ಮೂರು ವರ್ಷವಾಯಿತು. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಬರೆಯೋಣ ಎಂದುಕೊಂಡೆ. ಆಮೇಲೆ ಈಸ್ಟರ್ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಈಗ ಕಣ್ಣು ಚೆನ್ನಾಗಿ ಕಾಣುತ್ತಿದೆ. ಇನ್ನು ನೆಪವಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದೆ. ಈಗ ದಾವಣಗೆರೆಯ ಸರಸ್ವತಿ ನಗರದಲ್ಲಿ ಮಗಳ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೇವೆ. ನಮ್ಮ ಚರ್ಚಿನಲ್ಲಿ ನನಗೊಂದು ಕೆಲಸವಿದೆ. ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಸಂಗ ಮುಗಿಸಿದ ಮೇಲೆ ಜನರ ಪರವಾಗಿ ಒಬ್ಬರು ನಿಂತು ಐದು ಬೇಡಿಕೆಗಳನ್ನು ಓದುತ್ತಾರೆ. ಒಂದೊಂದು ಮುಗಿದಾಗಲೂ ಎಲ್ಲರೂ ಒಟ್ಟಾಗಿ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ" ಎನ್ನುತ್ತಾರೆ. ಅವನ್ನು ಬರೆಯುವವನೂ ಓದುವವನೂ ನಾನೇ.

ಶನಿವಾರ ಬೆಳಿಗ್ಗೆ ಪೇಪರ್ ಹರಡಿಕೊಂಡು ಕೂಡುತ್ತಿದ್ದೆ. ಎಲ್ಲೋ ಯುದ್ಧ, ಇಲ್ಲಿ ಚುನಾವಣೆ, ಭದ್ರಾ ನಾಲೆಗೆ ನೀರು ಬಿಡುವ ಜಗಳ, ಮೊಬೈಲ್ ಹಿಡಿದು ಹಾಳಾಗುತ್ತಿರುವ ಹುಡುಗರು, ಎಲ್ಲವೂ ನನ್ನ ಹಾಳೆಗೆ ಬರುತ್ತಿದ್ದವು. "ನಿಮ್ಮ ಪ್ರಾರ್ಥನೆ ಕೇಳಿದ್ರ ವಾರ್ತೆ ನೋಡೋದೇ ಬ್ಯಾಡ ಬಿಡ್ರಿ" ಎಂದು ಒಬ್ಬರು ನಕ್ಕಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಸಂಜೆಯಾದರೆ ಟಿವಿಯಲ್ಲಿ ಒಬ್ಬರ ಮೇಲೊಬ್ಬರು ಕಿರುಚುವ ಚರ್ಚೆಗಳನ್ನು ಎರಡು ತಾಸು ನೋಡುತ್ತಿದ್ದೆ. ಆ ಕಿರುಚುವವರಿಗಾಗಿ ಮಾತ್ರ ಒಂದು ದಿನವೂ ಪ್ರಾರ್ಥನೆ ಬರೆಯಲಿಲ್ಲ. ಅವರ ಮಾತು ನನಗೆ ರುಚಿಸುತ್ತಿತ್ತು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ದಿನ ನನ್ನ ಹೆಂಡತಿ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ವಿದ್ಯಾನಗರದ ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲಿನಲ್ಲಿ ಯಾವುದೋ ಸಿನಿಮಾ ಹಾಡು ಹಚ್ಚಿ, "ಅಜ್ಜಿ, ನಾಲ್ಕು ಹೆಜ್ಜೆ ಹಾಕು" ಎಂದಳಂತೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಕುಣಿದಳು. ಅರ್ಧ ನಿಮಿಷದ ರೀಲ್ಸ್. ಮೂರು ದಿನದಲ್ಲಿ ಅದು ಚರ್ಚಿನ ವಾಟ್ಸ್ಯಾಪ್ ಗುಂಪಿಗೂ ಬಂತು.

ಪೂಜೆಗೆ ಮೊದಲು ಚರ್ಚಿನ ಅಂಗಳದಲ್ಲಿ ನನ್ನ ವಯಸ್ಸಿನವರು ಸುತ್ತುವರಿದರು.

"ಏನ್ರಿ ಯಜಮಾನ್ರ, ಮನೆಯವ್ರು ಹೀರೋಯಿನ್ ಆಗ್ಯಾರಂತ!"

"ಇನ್ನು ನೀವು ಅವ್ರ ಬ್ಯಾಗ್ ಹಿಡ್ಕಂಡು ಹಿಂದ ತಿರುಗ್ರಿ."

ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು, ಬರೆದಿಟ್ಟಿದ್ದ ನಾಲ್ಕನೆಯ ಬೇಡಿಕೆಯನ್ನು ಹೊಡೆದುಹಾಕಿದೆ. ಅದು ಆಸ್ಪತ್ರೆಯಲ್ಲಿರುವ ರೋಗಿಗಳಿಗಾಗಿ ಬರೆದದ್ದು. ಅದರ ಮೇಲೆ ಬೇರೆಯದನ್ನು ಬರೆದೆ. ಸಮಯ ಬಂದಾಗ ಮೈಕಿನ ಮುಂದೆ ನಿಂತು ಓದಿದೆ: "ವಯಸ್ಸಿನ ಮರ್ಯಾದೆಯನ್ನು ಮರೆತು, ಲೋಕ ನೋಡಲೆಂದು ಮೊಬೈಲಿನ ಮುಂದೆ ಕುಣಿಯುವ ಹಿರಿಯರಿಗೆ ದೇವರು ಒಳ್ಳೆಯ ಬುದ್ಧಿಯನ್ನು ಕೊಡಲಿ ಎಂದು ಪ್ರಾರ್ಥಿಸೋಣ."

ಹೆಂಗಸರ ಕಡೆ ಕೆಲವರು ತಿರುಗಿ ಅವಳನ್ನು ನೋಡಿದರು. ಆಮೇಲೆ ರೂಢಿಯಂತೆ ಎಲ್ಲರೂ ಉತ್ತರ ಕೊಟ್ಟರು. ಅವಳೂ ಕೊಟ್ಟಳು. ನಲವತ್ತಕ್ಕೂ ಹೆಚ್ಚು ವರ್ಷ ಕೇಳಿದ ದನಿ, ನೂರು ದನಿಗಳ ನಡುವೆಯೂ ಗೊತ್ತಾಗುತ್ತದೆ. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ."

ಮನೆಗೆ ಬಂದು ಅವಳು ಜಗಳವಾಡಲಿಲ್ಲ. ಊಟಕ್ಕೆ ಬಡಿಸಿದಳು. ಕೆಲವು ದಿನಗಳ ಮೇಲೆ ಮೊಮ್ಮಗಳು ಮತ್ತೆ ಮೊಬೈಲ್ ಎತ್ತಿದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು, "ಬ್ಯಾಡವ್ವ, ನಿಮ್ಮಜ್ಜ ಚರ್ಚ್‌ನ್ಯಾಗ ಓದ್ತಾರ" ಎಂದಳು. ಮೊಮ್ಮಗಳು ನನ್ನತ್ತ ನೋಡಿದಳು. ನಾನು ಪೇಪರ್ ನೋಡಿದೆ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಹರಿಹರದಲ್ಲಿ ನಾವು ಹುಡುಗರಾಗಿದ್ದಾಗ ಕ್ರಿಸ್ಮಸ್ ಹಾಡಿನ ತಂಡ ಮನೆಮನೆಗೆ ಹೋಗುತ್ತಿತ್ತು. ಆ ತಂಡದಲ್ಲಿ ದಮ್ಮಡಿ ಬಡಿಯುತ್ತ, ಚಪ್ಪಲಿ ಕಳಚಿಟ್ಟು ಮಣ್ಣಿನಲ್ಲಿ ಕುಣಿದವಳು ಅವಳು. ಅದನ್ನು ನೋಡಿಯೇ ನಾನು ನಮ್ಮವ್ವನ ಹತ್ತಿರ ಮದುವೆಯ ಮಾತೆತ್ತಿದ್ದು. ಮುದುಕಿಯಾದ ಮೇಲೂ ಹಾಡಿನ ತಂಡ ನಮ್ಮ ಬಾಗಿಲಿಗೆ ಬಂದಾಗ ಹುಡುಗರು ದಮ್ಮಡಿಯನ್ನು ಅವಳ ಕೈಗೆ ಕೊಡುತ್ತಿದ್ದರು. ಆ ವರ್ಷವೂ ಕೊಟ್ಟರು. ಅವಳು ಅದನ್ನು ಪಕ್ಕದ ಹುಡುಗಿಗೆ ದಾಟಿಸಿ, ಕೇಕ್ ತರಲು ಒಳಗೆ ಹೋದಳು.

ಪಾಪನಿವೇದನೆಯಲ್ಲಿ ಫಾದರ್‌ಗೆ ಹೇಳಿದೆ. ಅವರು ನನ್ನ ಮಗಳ ವಯಸ್ಸಿನವರು.

"ಮನೆಯವರಿಗೆ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ, ಫಾದರ್."

"ಮೂರು ನಮೋ ಮರಿಯ ಹೇಳಿ. ಆಮೇಲೆ ಅವರಿಗೆ ಹೇಳಿ."

ಮಾತೆ ಮರಿಯಮ್ಮನ ಆ ಸಣ್ಣ ಜಪವನ್ನು ಮೂರು ಸಲ ಚರ್ಚಿನ ಮೆಟ್ಟಿಲು ಇಳಿಯುವುದರೊಳಗೆ ಮುಗಿಸಿದೆ. ಅವಳಿಗೆ ಹೇಳುವುದು ಹಾಗೇ ಉಳಿಯಿತು.

ಹೋದ ತಿಂಗಳು ಒಂದು ಉಪಾಯ ಮಾಡಿದೆ. "ಮಾತಿನಿಂದ ತಮ್ಮವರ ಮನಸ್ಸು ನೋಯಿಸಿದವರನ್ನು ದೇವರು ಕ್ಷಮಿಸಲಿ" ಎಂದು ಬರೆದು ಭಾನುವಾರ ಓದಿದೆ. ಓದುವಾಗ ಅವಳ ಕಡೆಯೇ ನೋಡಿದೆ. ಅವಳು ಎಲ್ಲರೊಂದಿಗೆ ಉತ್ತರ ಕೊಟ್ಟಳು. ಪೂಜೆ ಮುಗಿಸಿ ನಡೆದು ಬರುವಾಗ ಕೇಳಿದಳು.

"ಇವತ್ತಿನ ನಾಲ್ಕನೇದು ಯಾರ ಸಲುವಾಗಿ ಬರೆದದ್ದು?"

"ಎಲ್ಲಾರ ಸಲುವಾಗಿ."

"ಅವತ್ತಿಂದೂ ಎಲ್ಲಾರ ಸಲುವಾಗೇ ಇತ್ತಲ್ಲ?"

ಒಂದು ಸಿಟಿ ಬಸ್ಸು ಹಾದುಹೋಗುವವರೆಗೆ ನಿಂತೆವು.

"ದೇವ್ರಿಗೆ ಹೇಳೋದು ದೇವ್ರಿಗೆ ಹೇಳ್ರಿ" ಎಂದಳು. "ನನಗ ಹೇಳೋದು ಐತಿ ಅಂದ್ರ ನಾನು ಇಲ್ಲೇ ಅದೀನಿ. ಮೈಕು ಯಾಕ ಬೇಕು?"

ಅಂದಿನಿಂದ ಪ್ರತಿ ದಿನ ಬಾಯಿ ತೆರೆದಿದ್ದೇನೆ. ಮಾತ್ರೆ ಎಲ್ಲಿ, ಕನ್ನಡಕ ಎಲ್ಲಿ ಎಂದು ಕೇಳಿ ಮುಚ್ಚಿದ್ದೇನೆ. ಲೋಕದ ತಪ್ಪುಗಳನ್ನು ವಾರವಾರ ಪಟ್ಟಿ ಮಾಡಿದವನಿಗೆ ತನ್ನದೊಂದನ್ನು ಅಡುಗೆಮನೆಯವರೆಗೆ ಒಯ್ಯಲಾಗಲಿಲ್ಲ.

ಇಂದೂ ಶನಿವಾರ. ಪೇಪರ್ ಮಡಿಸಿಟ್ಟು ಇದನ್ನು ಬರೆಯುತ್ತಿದ್ದೇನೆ. ಒಳಗೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ. ನಮ್ಮ ಕಡೆ ನನ್ನ ವಯಸ್ಸಿನ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. "ಏ, ಇಲ್ಲಿ ಕೇಳ್" ಎಂದೇ ನಮ್ಮ ಆಯುಷ್ಯ ಕಳೆದಿದೆ. ಅವಳ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ, ಹರಿಹರದಲ್ಲಿ, ಪೀಠದ ಮುಂದೆ, ಮದುವೆಯ ವಚನ ಕೊಡುವಾಗ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಆ ಹೆಸರು ಹಿಡಿದು ಗಟ್ಟಿಯಾಗಿ ಕರೆದೆ.

ಒಳಗೆ ಸೊಪ್ಪು ಬಿಡಿಸುವ ಸದ್ದು ನಿಂತಿತು.

"ಯಾರನ್ನ ಕರಿಯಾಕತ್ತೀರಿ?" ಎಂದಳು.

"ನಿನ್ನೇ" ಎಂದೆ.