ನಾನೇ ಹೊಡೆದುಹಾಕಿದ ಸಾಲು

ಸರ್ಕಾರಿ ಕಚೇರಿಯಿಂದ ಫೋನ್ ಬಂತೆಂದರೆ ಸಾಕು, ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ನನ್ನದು. ನಲ್ಲಿಯಲ್ಲಿ ಕೊಳಕು ನೀರು ಬಂತೆಂದು ಬರೆದರೆ 'ಜನ ಗಾಬರಿಯಾಗ್ತಾರೆ, ಹಾಕಬೇಡಿ' ಅನ್ನುವವರು ಒಬ್ಬರು, ರಸ್ತೆ ಗುಂಡಿಯ ಫೋಟೊ ಹಾಕಿದರೆ 'ಊರಿನ ಮರ್ಯಾದೆ ಹೋಗುತ್ತೆ' ಅನ್ನುವವರು ಇನ್ನೊಬ್ಬರು. ಎಲ್ಲರಿಗೂ ನನ್ನದು ಒಂದೇ ಉತ್ತರ: ಈ ಮಾತನ್ನೇ ಬರೆದು ಸಹಿ ಹಾಕಿ ಕಳಿಸಿ, ಅದನ್ನೂ ಅಚ್ಚು ಹಾಕುತ್ತೇನೆ. ಯಾರೂ ಕಳಿಸಲಿಲ್ಲ. ಸರಸ್ವತಿ ನಗರದ ಮನೆಗೆ ಹೋಗಿ ಹೆಂಡತಿಯ ಮುಂದೆ ಇದನ್ನೇ ಹೇಳಿ ಕೊಚ್ಚಿಕೊಳ್ಳುತ್ತಿದ್ದೆ. "ಮೊದ್ಲು ಉಣ್ರಿ, ಸಾರು ಆರ್ತೈತೆ," ಅನ್ನುತ್ತಿದ್ದಳು ಅವಳು.

ಇಂಥ ನನ್ನ ಕೈಗೆ ಒಂದು ಶನಿವಾರ ಮಧ್ಯಾಹ್ನ ಹರಿಹರದ ನಮ್ಮ ವರದಿಗಾರ ಒಂದು ಸುದ್ದಿ ತಂದುಕೊಟ್ಟ. ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಯಾವುದೆಂದು ಹೇಳುವುದಿಲ್ಲ, ಸುದ್ದಿಯಲ್ಲಿದ್ದ ಹುಡುಗಿಯ ಅಪ್ಪನ ಕಸುಬನ್ನೂ ಇಲ್ಲಿ ಬದಲಿಸಿಯೇ ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿ ಮುಗಿಸಿದ ಹುಡುಗಿಗೆ ಮನೆಯಲ್ಲಿ ಮದುವೆ ಗೊತ್ತುಮಾಡಿದ್ದರು. ಅಧಿಕಾರಿಗಳು ಹೋಗಿ ತಡೆದು, ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಇಷ್ಟೇ ಆಗಿದ್ದರೆ ಅದು ನಾಲ್ಕು ಸಾಲಿನ ಸುದ್ದಿ. ಆದರೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದವಳು ಆ ಹುಡುಗಿಯೇ ಎಂಬುದನ್ನು ವರದಿಗಾರ ಎಲ್ಲಿಂದಲೋ ಹೆಕ್ಕಿ ತಂದಿದ್ದ. ನನಗೆ ಹಬ್ಬವಾಯಿತು. 'ತನ್ನ ಮದುವೆ ತಾನೇ ತಡೆದ ಧೀರೆ' ಎಂದು ಮುಖಪುಟಕ್ಕೆ ದೊಡ್ಡ ತಲೆಬರಹ ಕೊಟ್ಟೆ.

ಮಕ್ಕಳ ಗುರುತು ಹಾಕಬಾರದೆಂಬ ಕಾನೂನು ನನಗೆ ಗೊತ್ತಿಲ್ಲದ್ದೇನಲ್ಲ. ಹೆಸರು ತೆಗೆದೆ. ತೆಗೆದು, ನಮ್ಮ ಕಡೆಯ ರೂಢಿಯಂತೆ, ಊರು ಹೇಳಿ 'ಹಿಟ್ಟಿನ ಗಿರಣಿ ಮಾಲೀಕರೊಬ್ಬರ ಎರಡನೇ ಮಗಳು' ಎಂದು ಬರೆದೆ. ನಮ್ಮಲ್ಲಿ ಬರೀ ಹೆಸರಿನಿಂದ ಯಾರನ್ನೂ ಗುರುತಿಸುವುದಿಲ್ಲ. ಯಾರ ಮಗಳು, ಯಾವ ಮನೆ, ಅಪ್ಪ ಏನು ಮಾಡುತ್ತಾನೆ ಎಂಬುದಿಲ್ಲದಿದ್ದರೆ ಸುದ್ದಿ ಸಪ್ಪೆ. ವರ್ಷಗಟ್ಟಲೆ ಹಾಗೇ ಬರೆದ ಕೈ ಇದು.

ಒಂದು ಹೇಳಿಕೆ ಬೇಕೆಂದು ವರದಿಗಾರ ಮಕ್ಕಳ ರಕ್ಷಣೆಯ ಅಧಿಕಾರಿಗೆ ಫೋನ್ ಮಾಡಿ ಸುದ್ದಿ ಓದಿ ಹೇಳಿದ. ಅರ್ಧ ಗಂಟೆಯಲ್ಲಿ ಆ ಮಹಿಳಾ ಅಧಿಕಾರಿಯೇ ನಮ್ಮ ಕಚೇರಿಯ ಮುಂದೆ ಸ್ಕೂಟಿ ನಿಲ್ಲಿಸಿ ಒಳಗೆ ಬಂದರು.

"ಕೂಡ್ರಿ," ಅಂದೆ, ಮುಖ ಗಂಟು ಹಾಕಿಕೊಂಡೇ.

"ಕೂಡಾಕೆ ಬಂದಿಲ್ಲ ಸರ್. ಆ ಸುದ್ದಿ ಹಂಗೆ ಹಾಕ್ಬ್ಯಾಡ್ರಿ."

"ಅದ್ರಾಗೆ ಹೆಸರು ಎಲ್ಲೈತೆ ತೋರಿಸ್ರಿ. ಸರ್ಕಾರ ನನ್ನ ಪೆನ್ನು ಹಿಡಿಯಾಕೆ ಬರೋದು ಬ್ಯಾಡ."

ಅದೇ ಹೊತ್ತಿಗೆ, ಆನೆಕೊಂಡದಿಂದ ನಮ್ಮ ಕಚೇರಿಗೆ ಟೀ ತರುವ ಹೆಂಗಸು ಫ್ಲಾಸ್ಕ್ ಹಿಡಿದು ಬಂದಳು. ಇವಳೇ ಸಾಕ್ಷಿಯಾಗಲಿ ಎಂದು ಇಡೀ ಸುದ್ದಿಯನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಈಗ ಹೇಳವ್ವ, ಈ ಹುಡುಗಿ ಯಾರಂತ ಗೊತ್ತಾತೇನು?"

ಅವಳು ಟೀ ಬಗ್ಗಿಸುವುದನ್ನೇ ಮರೆತಳು. "ಅಯ್ಯೋ ಸಾಹೇಬ್ರ, ಅದು ನನ್ನ ತವರೂರು! ಅಲ್ಲಿ ಗಿರಣಿ ಇರೋದೇ ಒಂದು," ಎಂದವಳೇ ಹುಡುಗಿಯ ಹೆಸರನ್ನೂ ಹೇಳಿಬಿಟ್ಟಳು. "ಫೋನ್ ಮಾಡಿದ್ದು ಆ ಕೂಸೇ ಏನ್ರಿ? ಊರೆಲ್ಲ ಶಾಲೆ ಮೇಷ್ಟ್ರು ಅಂದ್ಕಂಡೈತೆ!"

ಅಧಿಕಾರಿ ಈಗ ಕೂತರು.

"ಅವ್ರಪ್ಪನೂ ಹಂಗೇ ಅಂದ್ಕಂಡಾನೆ ಸರ್. ಸಿಟ್ಟೈತೆ, ಆದ್ರೂ ಹತ್ತನೇ ಕ್ಲಾಸಿಗೆ ಕಳಿಸ್ತೀನಿ ಅಂದಾನೆ. ಹುಡುಗಿ ನನ್ನ ಕೇಳಿದ್ದು ಒಂದೇ ಮಾತು. ಫೋನ್ ಮಾಡಿದ್ದು ನಾನು ಅಂತ ಅಪ್ಪಗೆ ಗೊತ್ತಾಗ್ಬಾರ್ದು ಮೇಡಂ, ಗೊತ್ತಾದ್ರೆ ನನ್ನ ಜತೆ ಮಾತೇ ಬಿಡ್ತಾನೆ ಅಂದ್ಲು. ಆಗ್ಲಿ ಅಂತ ಮಾತು ಕೊಟ್ಟೀನಿ."

ಗುಂಡಿಯ ಫೋಟೊ ಬೇಡ ಅನ್ನುತ್ತಿದ್ದವರು ತಮ್ಮ ಕುರ್ಚಿ ಕಾಯುತ್ತಿದ್ದರು. ಈಕೆ ಕಾಯುತ್ತಿದ್ದುದು ಒಂದು ಮಗುವಿಗೆ ಕೊಟ್ಟ ಮಾತನ್ನು. ಎರಡನ್ನೂ ಒಂದೇ ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಪೆನ್ನು ತೆಗೆದು ಊರು ಹೊಡೆದೆ, ಗಿರಣಿ ಹೊಡೆದೆ, ಎರಡನೇ ಮಗಳು ಎಂಬುದನ್ನೂ ಹೊಡೆದೆ. 'ಸ್ವತಃ ಬಾಲಕಿಯೇ ಕರೆ ಮಾಡಿ' ಎಂಬ ಸಾಲಿಗೆ ಬಂದಾಗ ಕೈ ತಡೆಯಿತು. ಸುದ್ದಿಯ ಜೀವವೇ ಅದು. ಆದರೆ ಆ ವಾರ ತಾಲ್ಲೂಕಿನಲ್ಲಿ ನಿಂತ ಮದುವೆ ಅದೊಂದೇ, ಅಪ್ಪ ದಿನಾ ಪತ್ರಿಕೆ ಓದುವವನಂತೆ. ಹೊಟ್ಟೆ ಉರಿಯುತ್ತಿದ್ದರೂ ಅದನ್ನೂ ಹೊಡೆದುಹಾಕಿದೆ. ಉಳಿದದ್ದು ಒಳಪುಟದ ಮೂಲೆಗೆ ಹೋಯಿತು. ವರದಿಗಾರ ಎರಡು ದಿನ ನನಗೆ ಮುಖ ತೋರಿಸಲಿಲ್ಲ.

ಈ ಮಾತು ಎಲ್ಲೂ ಆಡಬೇಡವೆಂದು ಟೀ ಹೆಂಗಸಿಗೆ ಕೈಮುಗಿದು ಕೇಳಿಕೊಂಡೆ. "ನಾ ಏನೂ ಕೇಳೇ ಇಲ್ಲ ಬಿಡ್ರಿ," ಎಂದಳು. ಇಡೀ ಕಚೇರಿಯ ಸುದ್ದಿ ನಮಗಿಂತ ಮೊದಲು ಅವಳ ಬಾಯಲ್ಲಿರುತ್ತಿತ್ತು, ಹಾಗಾಗಿ ತಿಂಗಳುಗಟ್ಟಲೆ ನನಗೆ ನೆಮ್ಮದಿ ಇರಲಿಲ್ಲ. ಪುಣ್ಯಾತ್ಗಿತ್ತಿ, ತುಟಿ ಬಿಚ್ಚಲಿಲ್ಲ.

ಮರುವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಅವಳು ತವರಿಗೆ ಹೋಗಿ ಬಂದಳು. ಬಂದವಳು ಟೀ ಜತೆಗೆ ಕಾಗದದಲ್ಲಿ ಸುತ್ತಿದ ಒಂದು ಪೇಡೆಯನ್ನು ನನ್ನ ಮುಂದಿಟ್ಟಳು.

"ಗಿರಣಿ ಮಾಲೀಕ್ರು ಹಂಚಿದ್ದು ಸಾಹೇಬ್ರ. ಮಗಳು ಫಸ್ಟ್ ಕ್ಲಾಸು! ನಾ ಜೋಳ ಬೀಸ್ಕಂಡು ಬರಾಕೆ ಹೋಗಿದ್ದೆ. ಏನಂದ್ರು ಗೊತ್ತೇನ್ರಿ? ಅವತ್ತು ಫೋನ್ ಮಾಡ್ದೋರ್ನ ಬಾಯಿಗೆ ಬಂದಂಗೆ ಬೈದಿದ್ದೆ, ಈಗ ಅವ್ರು ಸಿಕ್ರೆ ಮೊದ್ಲನೇ ಪೇಡೆ ಅವ್ರಿಗೇ ಕೊಡ್ತಿದ್ದೆ ಅಂದ್ರು."

"ಹುಡುಗಿ ಎಲ್ಲಿದ್ಲು?" ಎಂದೆ.

"ಅಲ್ಲೇ ಇದ್ಲು, ಅಪ್ಪನ ಪಕ್ಕ, ಪೇಡೆ ಡಬ್ಬಿ ಹಿಡ್ಕಂಡು."

"ಏನಂದ್ಲು?"

"ಏನೂ ಅನ್ಲಿಲ್ಲ. ಡಬ್ಬಿಯಾಗಿಂದ ಒಂದು ಪೇಡೆ ತಗಂಡು ಬಾಯಾಗೆ ಹಾಕ್ಕಂಡ್ಲು."