ಕ್ಯಾಮೆರಾ ಆರಿಸುವ ವೀಬೆ

ಮನೆಗೆ ಕ್ಯಾಮೆರಾ ಕೊಳ್ಳಲು ಲೇವಾರ್ಡನ್ ಊರಿನ ನಮ್ಮ ಅಂಗಡಿಗೆ ಬರುವವರಲ್ಲಿ ವೀಬೆಯಷ್ಟು ಚಡಪಡಿಸುವ ಗಿರಾಕಿಯನ್ನು ನಾನು ಕಂಡಿಲ್ಲ. ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾದ ಈ ಮುದುಕ ಸೈಕಲ್ಲಿಗೆ ಬೀಗ ಹಾಕಿ ಒಳಗೆ ಬಂದವನು, ಹಾಕಿದೆನೋ ಇಲ್ಲವೋ ಎಂದು ಮತ್ತೆರಡು ಸಲ ಹೊರಗೆ ಹೋಗಿ ನೋಡುತ್ತಾನೆ. ಕೊಟ್ಟ ಕಾಫಿ ಆರಿಹೋಗುತ್ತದೆ. ಡಬ್ಬಿಯ ಮೇಲಿನ ಸಣ್ಣಕ್ಷರವನ್ನೆಲ್ಲ ಭೂತಗನ್ನಡಿ ಹಿಡಿದು ಓದುತ್ತಾನೆ. "ಚಿತ್ರ ಎಲ್ಲಿಗೆ ಹೋಗುತ್ತಪ್ಪಾ?" ಎಂದು ಕೇಳುತ್ತಾನೆ. "ಕಂಪನಿಯೋರ ಕಂಪ್ಯೂಟರಿಗೆ" ಎಂದರೆ, "ಅಲ್ಲಿ ಕೂತೋರು ನೋಡಲ್ವಾ? ಮಾತೂ ಕೇಳ್ಸುತ್ತಾ?" ಎನ್ನುತ್ತಾನೆ. ಹೀಗೆ ನಾಲ್ಕು ಕ್ಯಾಮೆರಾ ಒಯ್ದು ನಾಲ್ಕನ್ನೂ ವಾಪಸು ತಂದ. "ಮನೇಲಿ ಚಿನ್ನದ ಗಣಿ ಏನಾದ್ರೂ ಇದೆಯಾ ಅಜ್ಜಾ?" ಎಂದು ಹೋದ ವಾರ ರೇಗಿಸಿದೆ. ಅವನು ನಗಲಿಲ್ಲ. "ನನಗಲ್ಲ, ನನ್ನ ಮಗಳು ನಿಂಕೆಗೆ" ಎಂದ. ಅವಳು ಯಾರೊಡನೆ ಮಾತಾಡಿದಳು, ಎಷ್ಟು ಹೊತ್ತು ಸುಮ್ಮನೆ ಕೂತಳು ಎಂದು ಗಂಡ ಕಚೇರಿಯಲ್ಲಿ ಕೂತೇ ಅಡುಗೆಮನೆಯ ಕ್ಯಾಮೆರಾದಲ್ಲಿ ನೋಡುತ್ತಿದ್ದನಂತೆ. ಈಗ ಅವನನ್ನು ಬಿಟ್ಟು ಬೇರೆ ಮನೆ ಮಾಡಿದ್ದಾಳೆ. ಅವನು ಆ ಬಾಗಿಲಿಗೂ ಬಂದು ನಿಲ್ಲುತ್ತಾನೆ. ಅವಳಿಗೆ ಕ್ಯಾಮೆರಾ ಬೇಕು, ಆದರೆ ಕ್ಯಾಮೆರಾ ಕಂಡರೆ ಗೋಡೆಗೆ ತಿರುಗಿಸಿಡುತ್ತಾಳೆ. ಬಾಗಿಲ ಹೊರಗಷ್ಟೇ ನೋಡುವ, ಚಿತ್ರಗಳನ್ನು ಮನೆಯಲ್ಲೇ ಉಳಿಸಿಕೊಳ್ಳುವ ಒಂದನ್ನು ಆರಿಸಿಕೊಟ್ಟೆ. "ಫೋನ್ ಕೊಡಿ, ಚಿತ್ರ ಅದ್ರಲ್ಲಿ ಕಾಣೋ ಹಾಗೆ ಜೋಡಿಸ್ತೀನಿ" ಎಂದೆ. ವೀಬೆ ಜೇಬಿನ ಮೇಲೆ ಕೈ ಒತ್ತಿ ಹಿಡಿದ. "ನನ್ನದಕ್ಕೆ ಬೇಡ, ಅವಳದಕ್ಕೆ ಮಾತ್ರ ಇರ್ಲಿ. ಇದ್ರೆ ನಾನೂ ದಿನವೆಲ್ಲಾ ನೋಡ್ತಾ ಕೂತ್ಬಿಡ್ತೀನಿ" ಎಂದ.